ರಸ್ತೆ ಬದಿಯ ಕಳೆ ಯಾರ ಪಾಲು? ಕೆಲಸ ಹಂಚಿಕೊಳ್ಳುವ ದಾರಿಗಳ ಹೋಲಿಕೆ

ನಮ್ಮ ಬಡಾವಣೆಯ ಕೊನೆಯ ರಸ್ತೆಯ ನಟ್ಟನಡುವೆ ಎರಡು ಸ್ಥಳೀಯ ಸಂಸ್ಥೆಗಳ ಗಡಿ ಹಾದುಹೋಗಿದೆ. ನಕ್ಷೆಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕಾಣುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜುಲೈನಲ್ಲಿ ಕಂಡಿತು. ಎಡಗಡೆಯ ಚರಂಡಿಯ ಅಂಚು ಮುಡಿ ಕೊಟ್ಟು ಬಂದ ತಲೆಯಂತೆ ನುಣ್ಣಗಿತ್ತು. ಬಲಗಡೆ ಸೊಂಟದೆತ್ತರದ ಪಾರ್ಥೇನಿಯಂ ಬಿಳಿ ಹೂ ಹೊತ್ತು ನಿಂತಿತ್ತು, ಗಾಳಿ ಬೀಸಿದಾಗಲೆಲ್ಲ ಎಡಗಡೆಗೆ ಬಾಗುತ್ತಿತ್ತು. ಎಡಗಡೆಯವರಿಗೆ ದೂರು ಕೊಟ್ಟರೆ ‘ನಮ್ಮ ಪಾಲು ಮುಗಿದಿದೆ’ ಎಂದರು. ಬಲಗಡೆಯವರು ‘ಬಡಾವಣೆ ಇನ್ನೂ ನಮಗೆ ಹಸ್ತಾಂತರವಾಗಿಲ್ಲ’ ಎಂದರು. ಮುಂದಿನ ವರ್ಷದ ಮೊದಲ ಮಳೆಗೆ ಎರಡೂ ಬದಿ ಒಂದೇ ಬಣ್ಣವಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಕಚೇರಿಗಳ ಜಗಳದಲ್ಲಿ ಈ ಕೂಸು ಮಾತ್ರ ಕೊಬ್ಬುತ್ತದೆ.

ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಈ ಜಗಳದ ನಡುವೆ ಓಡಾಡಿದವನು ನಾನು. ಸಂಘಗಳ ಪದಾಧಿಕಾರಿಗಳಿಗೆ, ವಾರ್ಡ್ ಸಮಿತಿಯವರಿಗೆ, ಮೊದಲ ಬಾರಿ ಗೆದ್ದು ಬಂದ ಪುರಸಭೆ, ನಗರಸಭೆ ಸದಸ್ಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಭೆಯಲ್ಲಿ ಕಳೆಯ ವಿಷಯ ಬಂದ ಕೂಡಲೇ ಯಾರಾದರೊಬ್ಬರು ‘ಯಾವ ಔಷಧಿ ಹೊಡೆಸೋಣ?’ ಎಂದು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಕೆಲಸವನ್ನು ಯಾರು ಮಾಡಬೇಕು, ದುಡ್ಡು ಯಾರು ಕೊಡಬೇಕು ಎಂಬುದು ಮೊದಲಿನದು. ಪಾರ್ಥೇನಿಯಂ ಮೊಳೆತು ಸುಮಾರು ನಾಲ್ಕು ವಾರಕ್ಕೇ ಹೂ ಬಿಡಬಲ್ಲದು, ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಯಾವ ಏರ್ಪಾಡನ್ನಾದರೂ ನಾನು ಅಳೆಯುವುದು ಒಂದೇ ಕೋಲಿನಿಂದ: ಹೂ ಬಿಡುವ ಮೊದಲು ಗಿಡದ ಬುಡಕ್ಕೆ ಯಾರ ಕೈ ತಲುಪುತ್ತದೆ?

ರಸ್ತೆ ಒಂದು, ಯಜಮಾನರು ಹಲವರು

ನಿಮ್ಮ ರಸ್ತೆಯ ಒಂದು ಫರ್ಲಾಂಗನ್ನು ನಡೆದು ನೋಡಿ. ಡಾಂಬರು ಲೋಕೋಪಯೋಗಿ ಇಲಾಖೆಯದ್ದಿರಬಹುದು, ಏಕೆಂದರೆ ಸಣ್ಣ ಊರುಗಳಲ್ಲಿ ಪೇಟೆ ಬೀದಿಯೇ ರಾಜ್ಯ ಹೆದ್ದಾರಿಯೂ ಆಗಿರುತ್ತದೆ. ಪಕ್ಕದ ಚರಂಡಿ ಪುರಸಭೆಯದ್ದು. ಟ್ರಾನ್ಸ್‌ಫಾರ್ಮರ್ ಸುತ್ತಲಿನ ಬೇಲಿಯೊಳಗಿನ ಜಾಗ ವಿದ್ಯುತ್ ಕಂಪನಿಯದ್ದು. ಖಾಲಿ ನಿವೇಶನದ ಒಡೆಯ ದುಬೈಯಲ್ಲೋ ದಾವಣಗೆರೆಯಲ್ಲೋ ಇರುತ್ತಾನೆ. ಹೊಸ ಬಡಾವಣೆಯಾದರೆ ಅದನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸುವ ತನಕ ಪ್ರಾಧಿಕಾರ ಅಥವಾ ಖಾಸಗಿ ಡೆವಲಪರ್‌ನ ಕೈಯಲ್ಲಿರುತ್ತದೆ. ಬೀಜಕ್ಕೆ ಈ ಯಾವ ಗಡಿಯೂ ಗೊತ್ತಿಲ್ಲ. ಅದು ಲಾರಿ ಚಕ್ರದ ಕೆಸರಿಗೆ ಅಂಟಿಕೊಂಡು, ಮರಳಿನ ಲೋಡಿನಲ್ಲಿ ಸೇರಿಕೊಂಡು, ಚರಂಡಿ ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ.

ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ 12ನೇ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳನ್ನು ಪಟ್ಟಿ ಮಾಡಿದೆ. ರಸ್ತೆ, ನೈರ್ಮಲ್ಯ, ಉದ್ಯಾನ ಎಲ್ಲವೂ ಅದರಲ್ಲಿವೆ, ಕಳೆ ಎಂಬ ಮಾತಿಲ್ಲ. ಅದು ಆರೋಗ್ಯ ವಿಭಾಗದ ಕೆಲಸವೋ, ಎಂಜಿನಿಯರಿಂಗ್ ವಿಭಾಗದ್ದೋ, ತೋಟಗಾರಿಕೆಯವರದ್ದೋ ಎಂಬ ವಾಗ್ವಾದ ಒಂದೇ ಕಟ್ಟಡದ ಮೂರು ಕೋಣೆಗಳ ನಡುವೆಯೂ ನಡೆಯುತ್ತದೆ. ಕಾನೂನು ಇಲ್ಲವೆಂದಲ್ಲ. 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲೇ ನಮ್ಮ ಸರ್ಕಾರ ಪಾರ್ಥೇನಿಯಂ ಅನ್ನು ಹಾನಿಕರ ಕಳೆ ಎಂದು ಘೋಷಿಸಿದೆ. ಆದರೆ ಆ ಕಾಯ್ದೆ ಹುಟ್ಟಿದ್ದು ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು. ಬೀದಿಯ ಚರಂಡಿ ಅಂಚಿಗೆ ಅದನ್ನು ಹಿಡಿದುಕೊಂಡು ಯಾರೂ ಬಂದದ್ದನ್ನು ನಾನು ನೋಡಿಲ್ಲ.

ಗಡಿಗಳು ಹೆಚ್ಚುತ್ತಲೇ ಇವೆ. ಮೈಸೂರಿನ ಅಂಚಿನಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಜಾಗಕ್ಕೆ ಐದು ಬಂದವು. ಆಡಳಿತಕ್ಕೆ ಇದು ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ಬೇರೆ. ಕಳೆಯ ಮಟ್ಟಿಗಂತೂ ‘ಅದು ಆಚೆಯವರದ್ದು’ ಎನ್ನಬಹುದಾದ ರಸ್ತೆಗಳು ಹೆಚ್ಚಾದವು.

ಅವರವರ ಎಲೆ ಅವರವರೇ ಎತ್ತುವುದು

ಈಗ ಹೆಚ್ಚಿನ ಕಡೆ ಇರುವ ಪದ್ಧತಿ ಇದೇ. ಯಾರ ಜಾಗವೋ ಅವರೇ ಶುಚಿ ಮಾಡಬೇಕು. ಇದರ ಒಂದೇ ಗುಣವೆಂದರೆ ಹೊಸದಾಗಿ ಯಾವ ಕಾಗದವೂ ಬೇಕಿಲ್ಲ. ಆಡಿಟ್‌ನವರು ಪ್ರಶ್ನೆ ಎತ್ತುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಂಥ ಕಡೆ, ಅಂದರೆ ನಿರ್ವಹಣೆಯ ಗುತ್ತಿಗೆ ಒಬ್ಬರಿಗೇ ಇದ್ದು ಉದ್ದುದ್ದ ಪಟ್ಟಿಯಾಗಿ ಕೆಲಸ ನಡೆಯುವಲ್ಲಿ, ಇದು ಚೆನ್ನಾಗಿಯೇ ನಡೆಯುತ್ತದೆ.

ಊರೊಳಗೆ ನಡೆಯುವುದಿಲ್ಲ. ಮೇ ಕೊನೆಯಲ್ಲಿ ಒಬ್ಬರು ಕಿತ್ತರೆ ಆಗಸ್ಟ್‌ನಲ್ಲಿ ಇನ್ನೊಬ್ಬರು ಕೀಳುತ್ತಾರೆ. ನಡುವಿನ ಎರಡು ತಿಂಗಳಲ್ಲಿ ಕಿತ್ತ ಜಾಗಕ್ಕೆ ಪಕ್ಕದ ಬೀಜ ಬಂದು ಬಿದ್ದಿರುತ್ತದೆ. ಇಬ್ಬರೂ ದುಡ್ಡು ಖರ್ಚು ಮಾಡಿರುತ್ತಾರೆ, ಇಬ್ಬರ ಕಡತದಲ್ಲೂ ‘ಕೆಲಸ ಪೂರ್ಣ’ ಎಂದಿರುತ್ತದೆ. ಈ ಪದ್ಧತಿಯನ್ನೇ ಉಳಿಸಿಕೊಳ್ಳಬೇಕಾದರೆ ಕನಿಷ್ಠ ಒಂದು ತಿದ್ದುಪಡಿ ಮಾಡಿಸಿ. ಎರಡೂ ಕಚೇರಿಗಳು ಒಂದೇ ವಾರದಲ್ಲಿ ಕೆಲಸ ಮಾಡಲಿ. ಇದಕ್ಕೆ ಒಪ್ಪಂದ ಬೇಡ, ಇಬ್ಬರು ಆರೋಗ್ಯ ನಿರೀಕ್ಷಕರ ನಡುವೆ ಒಂದು ಫೋನ್ ಕರೆ ಸಾಕು. ನಾವು ಮೊದಲ ವರ್ಷ ಮಾಡಿಸಿದ್ದು ಇಷ್ಟೇ, ಅರ್ಧ ಗೆದ್ದೆವು.

ಕೆಲಸವನ್ನು ಸೀಳಿ ಹಂಚುವುದು

ಒಬ್ಬರು ಕೀಳುವುದು, ಇನ್ನೊಬ್ಬರು ಸಾಗಿಸುವುದು. ಕೇಳುವುದಕ್ಕೆ ನ್ಯಾಯವಾಗಿದೆ. ಒಂದು ಸಂಸ್ಥೆಯ ಬಳಿ ಆಳಿದ್ದಾರೆ, ಮತ್ತೊಂದರ ಬಳಿ ಟ್ರ್ಯಾಕ್ಟರ್ ಇದೆ. ಆದರೆ ಕಿತ್ತ ಗಿಡ ರಸ್ತೆ ಬದಿಯಲ್ಲಿ ಗುಡ್ಡೆಯಾಗಿ ಬಿದ್ದು ಟ್ರ್ಯಾಕ್ಟರ್‌ಗಾಗಿ ಕಾಯುತ್ತದೆ. ಹೂ ಬಿಟ್ಟ ಪಾರ್ಥೇನಿಯಂ ಕಿತ್ತ ಮೇಲೂ ಬೀಜ ಉದುರಿಸುತ್ತದೆ. ದನ ಮೇಯುವುದಿಲ್ಲ, ಮಳೆ ಬಂದರೆ ಗುಡ್ಡೆ ಚರಂಡಿಗೆ ಜಾರುತ್ತದೆ, ಚರಂಡಿ ಕಟ್ಟಿಕೊಂಡರೆ ಅದು ಮೂರನೆಯ ವಿಭಾಗದ ದೂರು. ಕೀಳುವ ಕೈ ಮತ್ತು ಎತ್ತುವ ಗಾಡಿ ಒಂದೇ ಕಡೆ ಇರಬೇಕು. ನಾನು ಈ ದಾರಿಯನ್ನು ಯಾರಿಗೂ ಹೇಳುವುದಿಲ್ಲ.

ಒಬ್ಬರು ಮಾಡುವುದು, ಉಳಿದವರು ಕೊಡುವುದು

ನನ್ನ ಒಲವು ಇದರ ಕಡೆಗೆ. ರಸ್ತೆಯ ಒಡೆತನ ಯಾರದ್ದಾದರೂ ಇರಲಿ, ದಿನವೂ ಬೆಳಿಗ್ಗೆ ಆ ರಸ್ತೆಯಲ್ಲಿ ಕಾಲಿಡುವ ಸಂಸ್ಥೆ ಯಾವುದೋ ಅದೇ ಕಳೆಯ ಕೆಲಸವನ್ನೂ ವಹಿಸಿಕೊಳ್ಳುತ್ತದೆ. ಉಳಿದವರು ತಮ್ಮ ಉದ್ದಕ್ಕೆ ತಕ್ಕ ಪಾಲನ್ನು ಹಣವಾಗಿ ಕೊಡುತ್ತಾರೆ.

ಇಂಗ್ಲೆಂಡಿನ ಎರಡು ಹಂತದ ಆಡಳಿತವಿರುವ ಪ್ರದೇಶಗಳಲ್ಲಿ ಇದಕ್ಕೆ ಹಳೆಯ ಉದಾಹರಣೆಗಳಿವೆ. ಅಲ್ಲಿ ರಸ್ತೆಯ ಹೊಣೆ ಕೌಂಟಿ ಕೌನ್ಸಿಲ್‌ನದು, ಬೀದಿ ಗುಡಿಸುವ ಹೊಣೆ ಜಿಲ್ಲಾ ಕೌನ್ಸಿಲ್‌ನದು. ಪಾದಚಾರಿ ಮಾರ್ಗದ ಬಿರುಕಿನಲ್ಲಿ ಹುಟ್ಟಿದ ಗಿಡ ರಸ್ತೆಯ ದೋಷವೋ ಕಸವೋ ಎಂಬ ತಕರಾರು ನಮ್ಮದರಷ್ಟೇ ಅಲ್ಲಿಯೂ ಇದೆ. ಹಾಗಾಗಿ ಕೌಂಟಿ ಹಣ ಕೊಟ್ಟು ಜಿಲ್ಲೆಯವರಿಂದ ಕೆಲಸ ಮಾಡಿಸುವ ಒಪ್ಪಂದಗಳಾಗುತ್ತವೆ. 1972ರ ಅಲ್ಲಿನ ಸ್ಥಳೀಯ ಸರ್ಕಾರ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಒಪ್ಪಂದ ಮುರಿಯುವುದೂ ಅಪರೂಪವಲ್ಲ. ಕೊಡುವವರು ವರ್ಷಕ್ಕೆ ಒಂದು ಸುತ್ತಿಗೆ ಆಗುವಷ್ಟು ಕೊಟ್ಟು ಮೂರು ಸುತ್ತು ಕೇಳಿದರೆ ಮಾಡುವವರು ಕೆಲಸವನ್ನು ತಿರುಗಿ ಒಪ್ಪಿಸುತ್ತಾರೆ.

ನಮ್ಮಲ್ಲಿ ತೊಡಕು ಹಣದ ವರ್ಗಾವಣೆಯಲ್ಲಿದೆ. ಲೋಕೋಪಯೋಗಿ ಇಲಾಖೆಯಿಂದ ಪುರಸಭೆಗೆ ಐವತ್ತು ಸಾವಿರ ಬರಬೇಕಾದರೆ ಲೆಕ್ಕ ಶೀರ್ಷಿಕೆ ಹುಡುಕುವಷ್ಟರಲ್ಲಿ ಗಿಡ ಕಾಯಿ ಕಟ್ಟಿರುತ್ತದೆ. ಅದಕ್ಕೇ ಹಣದ ಬದಲು ವಸ್ತು ಕೊಡಿಸುವುದು ಜಾಣತನ. ಕೈಗವಸು, ಗುದ್ದಲಿ, ಎರಡು ದಿನದ ಟ್ರ್ಯಾಕ್ಟರ್, ಡೀಸೆಲ್. ನಮ್ಮ ರಸ್ತೆಯಲ್ಲಿ ಕೊನೆಗೆ ಆದದ್ದು ಹೀಗೆಯೇ. ಒಂದು ಬದಿಯ ಸಂಸ್ಥೆ ಆಳು ಕೊಟ್ಟಿತು, ಇನ್ನೊಂದು ಗಾಡಿಯನ್ನು ಚಾಲಕನ ಸಮೇತ ಆ ಆಳುಗಳ ಮೇಸ್ತ್ರಿಯ ವಶಕ್ಕೆ ಕೊಟ್ಟಿತು. ಹಿಂದೆ ಹೇಳಿದ ಸೀಳಿದ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ: ಗಾಡಿ ಯಾವಾಗ ಬರಬೇಕೆಂದು ಹೇಳುವವನು ಮತ್ತು ಗಿಡ ಕೀಳಿಸುವವನು ಒಬ್ಬನೇ.

ಒಟ್ಟಾಗಿ ಒಂದೇ ಟೆಂಡರ್

ಎರಡು ಮೂರು ಸಂಸ್ಥೆಗಳು ಸೇರಿ ಒಬ್ಬ ಗುತ್ತಿಗೆದಾರನಿಗೆ ಇಡೀ ಪ್ರದೇಶವನ್ನು ಕೊಡುವುದು. ದೊಡ್ಡ ನಗರಕ್ಕೆ, ವರ್ತುಲ ರಸ್ತೆಯಂಥ ಉದ್ದನೆಯ ಜಾಗಕ್ಕೆ ಇದು ಸರಿ. ಆದರೆ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು ಸಮಯ. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ, ಟೆಂಡರ್ ಕರೆದು, ತೆರೆದು, ಕಾರ್ಯಾದೇಶ ಕೈಗೆ ಬರುವಾಗ ಆರಿದ್ರಾ ಮಳೆ ಮುಗಿದಿರುತ್ತದೆ. ಆದ್ದರಿಂದ ಎರಡು ವರ್ಷದ ಗುತ್ತಿಗೆ ಮಾಡಿಸಿ, ಎರಡನೆಯ ವರ್ಷವಾದರೂ ಸಮಯಕ್ಕೆ ಸರಿಯಾಗಿ ನಡೆಯಲಿ. ಎರಡನೆಯದು ಅಳತೆ. ‘ಇಷ್ಟು ಕಿಲೋಮೀಟರ್ ಕಳೆ ತೆಗೆದಿದೆ’ ಎಂದು ಬಿಲ್ ಬರೆದರೆ ಬುಡದ ಮೇಲೆ ಕತ್ತರಿಸಿ ಹೋಗುತ್ತಾರೆ. ‘ಆರು ವಾರದ ನಂತರ ನೋಡಿದಾಗ ಹೂ ಬಿಟ್ಟ ಗಿಡ ಇರಬಾರದು’ ಎಂಬ ಷರತ್ತಿನ ಮೇಲೆ ಕೊನೆಯ ಕಂತನ್ನು ತಡೆಹಿಡಿಯಬೇಕು.

ನಿವಾಸಿಗಳೇ ಮಾಡುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಭಾನುವಾರ ನಲವತ್ತು ಜನ, ಮುಂದಿನ ಭಾನುವಾರ ಹನ್ನೊಂದು, ಮೂರನೆಯದಕ್ಕೆ ಕಾರ್ಯದರ್ಶಿ ಮತ್ತು ಅವನ ಹೆಂಡತಿ. ಆದರೂ ಒಂದು ಕೆಲಸಕ್ಕೆ ನಿವಾಸಿಗಳೇ ಬೇಕು. ಸಂಸ್ಥೆಯವರು ಬಂದುಹೋದ ನಾಲ್ಕು ವಾರಕ್ಕೆ ಮತ್ತೆ ತಲೆಯೆತ್ತುವ ಚಿಲ್ಲರೆ ಗಿಡಗಳನ್ನು ತಮ್ಮ ಗೇಟಿನ ಎದುರು ಕೀಳುವುದು. ಅದು ಒಂದು ಮನೆಗೆ ಐದು ನಿಮಿಷದ ಕೆಲಸ.

ಇನ್ನು, ಹೇಗೆ ತೆಗೆಯುವುದು?

ಬೇರುಸಹಿತ ಕೀಳುವುದಕ್ಕೆ ಸಮನಾದದ್ದು ಇಲ್ಲ, ಆದರೆ ಮೂರು ಷರತ್ತಿನ ಮೇಲೆ: ನೆಲ ಒದ್ದೆ ಇರಬೇಕು, ಹೂ ಬಿಟ್ಟಿರಬಾರದು, ಕೈಗೆ ಗವಸು ಇರಬೇಕು. ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾರ್ಥೇನಿಯಂನಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ತರುತ್ತದೆ. ಮೊದಲ ವರ್ಷ ಏನೂ ಆಗದವರಿಗೆ ಮೂರನೆಯ ವರ್ಷ ಮುಂಗೈ, ಕತ್ತು, ಕಣ್ಣಿನ ರೆಪ್ಪೆಯ ಮೇಲೆ ತುರಿಕೆ ಎದ್ದು ಚರ್ಮ ಕಪ್ಪಾಗಿ ಒರಟಾಗುತ್ತದೆ. ಒಮ್ಮೆ ಹತ್ತಿಕೊಂಡರೆ ಗಿಡದ ಹತ್ತಿರ ಸುಳಿದರೂ ಕೆರಳುತ್ತದೆ. ಪರಾಗದಿಂದ ಶೀನು, ಉಬ್ಬಸ ಬೇರೆ. ಈ ಕೆಲಸ ಬೀಳುವುದು ಬಹುಪಾಲು ಪೌರಕಾರ್ಮಿಕ ಹೆಣ್ಣುಮಕ್ಕಳ ಮೇಲೆ, ಗುಡಿಸುವ ಕೆಲಸ ಮುಗಿದ ಮೇಲೆ ‘ಸ್ವಲ್ಪ ಅದನ್ನೂ ಕಿತ್ತುಬಿಡಮ್ಮ’ ಎಂಬ ರೂಪದಲ್ಲಿ. ಕೊಡುವ ಗವಸು ತೆಳು ಪ್ಲಾಸ್ಟಿಕ್ಕಿನದ್ದು, ಹತ್ತು ಗಿಡಕ್ಕೆ ಹರಿಯುತ್ತದೆ. ಮೊಣಕೈವರೆಗಿನ ರಬ್ಬರ್ ಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಮಾಸ್ಕ್, ಆ ದಿನದ ಮಟ್ಟಿಗೆ ಗುಡಿಸುವುದರಿಂದ ವಿನಾಯಿತಿ ಇವಿಷ್ಟು ಇಲ್ಲದ ಯಾವ ಯೋಜನೆಗೂ ಸಂಘದ ಸಹಿ ಹಾಕಬೇಡಿ. ಈಗಾಗಲೇ ತುರಿಕೆ ಇರುವವರನ್ನು ಈ ಕೆಲಸಕ್ಕೆ ಕರೆಯಲೇಬಾರದು.

ಬ್ರಷ್ ಕಟರ್ ಯಂತ್ರ ಅರ್ಧ ದಿನದಲ್ಲಿ ಇಡೀ ರಸ್ತೆಯನ್ನು ಚೊಕ್ಕ ಮಾಡುತ್ತದೆ. ಫೋಟೊಗೆ ಚೆನ್ನ. ಕತ್ತರಿಸಿದ ಬುಡ ಮತ್ತೆ ಚಿಗುರಿ ಮೊದಲಿಗಿಂತ ಹೆಚ್ಚು ಕವಲೊಡೆದು ಹೂ ಬಿಡುತ್ತದೆ. ಗರಿಕೆ, ಹುಲ್ಲು ಮಾತ್ರ ಇರುವ ಕಡೆ ಯಂತ್ರ ಸಾಕು, ಪಾರ್ಥೇನಿಯಂಗೆ ಅಲ್ಲ.

ಕಳೆನಾಶಕದ ಮಾತು. ಗ್ಲೈಫೋಸೇಟ್ ಬಗ್ಗೆ ಎರಡು ಕಡೆಯೂ ಬಿಸಿ ವಾದಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಗೆ ಅನ್ನಿಸುವುದಿಲ್ಲ ಎಂದಿತು. ನಮ್ಮ ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಅದನ್ನು ಬಳಸುವಂತಿಲ್ಲ ಎಂದಿತು. ಅಂದರೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದ ಯಾರೋ ಬರಿಗಾಲಲ್ಲಿ ಸಿಂಪಡಿಸುತ್ತಿದ್ದರೆ ಪರವಾನಗಿಯ ಪ್ರತಿ ಕೇಳುವ ಹಕ್ಕು ನಿಮಗಿದೆ. ನನ್ನ ತಕರಾರು ಇನ್ನೂ ಸರಳ. ಬೀದಿಯಲ್ಲಿ ಸಿಂಪಡಿಸಿದ್ದು ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಅದು ಪಾರ್ಥೇನಿಯಂ ಜೊತೆಗೆ ಗರಿಕೆಯನ್ನೂ ತುಂಬೆಯನ್ನೂ ಕೊಲ್ಲುತ್ತದೆ, ಆ ಬೋಳು ನೆಲದಲ್ಲಿ ಮುಂದಿನ ಮಳೆಗೆ ಮೊದಲು ಹುಟ್ಟುವುದು ಮತ್ತೆ ಪಾರ್ಥೇನಿಯಮ್ಮೇ.

ಹಾಗೆಂದು ಆವೇಶದಲ್ಲಿ ‘ಇನ್ನು ಮುಂದೆ ಸಿಂಪಡಣೆಯೇ ಇಲ್ಲ’ ಎಂದು ನಿರ್ಣಯ ಮಾಡುವ ಮೊದಲು ಕೈಗಳನ್ನು ಎಣಿಸಿ. ಇಂಗ್ಲೆಂಡಿನ ಬ್ರೈಟನ್ ನಗರ 2019ರಲ್ಲಿ ಗ್ಲೈಫೋಸೇಟ್ ನಿಲ್ಲಿಸಿತು. ಕೈಯಿಂದ ಕೀಳುವಷ್ಟು ಆಳು ಸಿಗದೆ ಪಾದಚಾರಿ ಮಾರ್ಗಗಳಲ್ಲಿ ಗಿಡ ಬೆಳೆದು, ವೃದ್ಧರೂ ಗಾಲಿಕುರ್ಚಿಯವರೂ ನಡೆದಾಡಲಾಗುತ್ತಿಲ್ಲವೆಂಬ ದೂರು ಹೆಚ್ಚಿ, 2024ರಲ್ಲಿ ನಿಯಂತ್ರಿತ ರೀತಿಯಲ್ಲಿ ಮತ್ತೆ ಬಳಸಲು ತೀರ್ಮಾನಿಸಿತು. ಹಬೆ, ಬಿಸಿನೀರಿನ ಯಂತ್ರಗಳೂ ಹೊರದೇಶಗಳಲ್ಲಿವೆ. ನೀರಿಗೂ ಇಂಧನಕ್ಕೂ ನಮ್ಮ ಪುರಸಭೆಗಳು ಪಡುವ ಪಾಡು ಗೊತ್ತಿದ್ದವರು ಆ ಮಾತನ್ನು ಎತ್ತುವುದಿಲ್ಲ.

ಉಪ್ಪುನೀರು ಹಳೆಯ ಉಪಾಯ. ನೂರು ಲೀಟರಿಗೆ 15ರಿಂದ 20 ಕಿಲೋ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಎಲೆ ತೋಯುವಂತೆ ಸಿಂಪಡಿಸಿದರೆ ಎಳೆಯ ಗಿಡ ಸುಟ್ಟುಹೋಗುತ್ತದೆ. ಕಾಂಪೌಂಡಿನ ಸಂದಿ, ಕಲ್ಲುಹಾಸಿನ ಬಿರುಕುಗಳಿಗೆ ಒಂದೆರಡು ಬಾರಿ ಪರವಾಗಿಲ್ಲ. ಹೊಂಗೆ, ಬೇವಿನ ಬುಡದಲ್ಲಿ ಬೇಡ. ಕಬ್ಬಿಣದ ಕಂಬದ ಬಳಿಯೂ ಬೇಡ. ‘ಎಲ್ಲಕ್ಕೂ ಕಾಂಕ್ರೀಟ್ ಹಾಕಿಬಿಡಿ’ ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟನ್ನು ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯವರಿಗೆ ಹೇಳಿದ್ದನ್ನು ಅವರಿಗೆ ನೆನಪಿಸಿ.

ಖಾಲಿ ನಿವೇಶನಕ್ಕೆ ಬೇರೆಯೇ ಉಪಾಯ

ರಸ್ತೆಯ ಅಂಚಿಗೆ ಕೈ ಸರಿ. ಖಾಲಿ ನಿವೇಶನಗಳಲ್ಲಿ, ಕೆರೆ ಏರಿಯ ಬಳಿ, ರೈಲು ಹಳಿಯ ಪಕ್ಕ ಆಳು ಸಾಲುವುದಿಲ್ಲ. ಅಲ್ಲಿ ದುಂಬಿಯನ್ನು ನೆನೆಯಬೇಕು. ಜೈಗೋಗ್ರಾಮಾ ಎಂಬ ಮೆಕ್ಸಿಕೊದ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಮೊದಲು ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಕೆಲಸ ಅದು. ಬಿಳಿ ಮಿಶ್ರಿತ ಹಳದಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ಹುಳು. ಮರಿಯೂ ದೊಡ್ಡದೂ ಪಾರ್ಥೇನಿಯಂ ಎಲೆಯನ್ನೇ ತಿನ್ನುತ್ತವೆ. ಸೂರ್ಯಕಾಂತಿಯನ್ನೂ ತಿಂದೀತೆಂಬ ಗುಲ್ಲು 1990ರ ದಶಕದಲ್ಲಿ ಎದ್ದು, ಪರಿಶೀಲನೆಯಾದ ಮೇಲೆ ತಣ್ಣಗಾಯಿತು. ಇದರ ದೋಷವೆಂದರೆ ಮಳೆಗಾಲ ಚೆನ್ನಾಗಿ ಹಿಡಿದ ಮೇಲೆ ಮಾತ್ರ ಹೆಚ್ಚುತ್ತದೆ, ಒಣಗಾಲದಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಮೇ ತಿಂಗಳ ಗಿಡಕ್ಕೆ ಅದು ತಡವಾಗಿ ಬರುವ ನೆಂಟ. ಆದರೆ ಅದು ಇರುವ ಕಡೆ ಸಿಂಪಡಣೆ ಮಾಡಿಸಿ ಕೊಂದುಬಿಡಬೇಡಿ. ಆಗಸ್ಟ್‌ನಲ್ಲಿ ಒಮ್ಮೆ ಎಲೆ ಮಗುಚಿ ನೋಡಿ.

ಎದುರು ಗಿಡ ಬೆಳೆಸುವುದು ಇನ್ನೊಂದು ದಾರಿ. ನಮ್ಮ ತಗಚೆಯ ಬಳಗದ ಕ್ಯಾಸಿಯಾ ಸೆರಿಸಿಯಾ ಗಿಡ ಪಾರ್ಥೇನಿಯಂ ಅನ್ನು ಒತ್ತರಿಸುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪ ಇದನ್ನು ಮುಂದೆ ತಂದವರಲ್ಲಿ ಒಬ್ಬರು. ಪಾರ್ಥೇನಿಯಂನಂತೆ ಅದೂ ಅಮೆರಿಕ ಖಂಡದಿಂದ ಬಂದದ್ದೇ ಎಂಬುದು ನನ್ನ ಸಣ್ಣ ಅನುಮಾನಕ್ಕೆ ಕಾರಣ. ನಾವು ನಮ್ಮ ರಸ್ತೆಯಲ್ಲಿ ತಗಚೆ ಮತ್ತು ಚೆಂಡುಹೂವಿನ ಬೀಜವನ್ನು ಮೊದಲ ಮಳೆಗೆ ಮುಂಚೆ ಎರಚಿದೆವು. ತಗಚೆ ಚೆನ್ನಾಗಿ ಹಿಡಿಯಿತು. ಚೆಂಡುಹೂ ದಸರೆಗೆ ಮುಂಚೆಯೇ ಯಾರದ್ದೋ ಆಟೋರಿಕ್ಷಾದ ಹಾರವಾಯಿತು.

ನಿವೇಶನದ ಒಡೆಯರಿಗೆ ಸ್ಥಳೀಯ ಸಂಸ್ಥೆಯಿಂದಲೇ ನೋಟಿಸ್ ಹೋಗಲಿ. ಸಂಘದ ಪತ್ರಕ್ಕೆ ಬೆಲೆಯಿಲ್ಲ. ನಾವು ಬರೆದ ಒಂಬತ್ತು ಪತ್ರಗಳಿಗೆ ಬಂದ ಒಂದೇ ಉತ್ತರ ‘ನಿವೇಶನ ಮಾರಾಟಕ್ಕಿದೆ, ಗಿರಾಕಿ ಇದ್ದರೆ ತಿಳಿಸಿ’.

ಎಲ್ಲವೂ ಕಳೆಯಲ್ಲ ಎಂಬುದನ್ನೂ ಆಳುಗಳಿಗೆ ಮೊದಲೇ ಹೇಳಬೇಕು. ಗಣೇಶನ ಹಬ್ಬದ ಬೆಳಿಗ್ಗೆ ಗರಿಕೆಯನ್ನು ಹುಡುಕಿಕೊಂಡು ಅಲೆಯುವವರು ನಾವೇ. ತುಂಬೆ, ಉತ್ತರಾಣಿ, ನೆಲನೆಲ್ಲಿ ಚರಂಡಿಯ ಆಚೆ ಇದ್ದರೆ ಯಾರಿಗೇನು ತೊಂದರೆ? ತೆಗೆಯಲೇಬೇಕಾದದ್ದು ಪಾರ್ಥೇನಿಯಂ, ನಡೆಯುವ ದಾರಿಗೆ ಚಾಚಿದ ಮುಳ್ಳು, ಗೋಡೆಯ ಬಿರುಕಿನ ಅರಳಿ ಸಸಿ, ಚರಂಡಿಯೊಳಗೆ ಬೆಳೆದದ್ದು.

ನಮ್ಮ ಒಂದು ಪುಟದ ಕಾಗದ

ರಾಷ್ಟ್ರಮಟ್ಟದ ಪಾರ್ಥೇನಿಯಂ ಜಾಗೃತಿ ಸಪ್ತಾಹ ಆಗಸ್ಟ್ 16ರಿಂದ 22ರವರೆಗೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಲೆಕ್ಕಕ್ಕೆ ಅದು ಸರಿಯಿರಬಹುದು. ಭರಣಿ ಮಳೆಗೇ ನೆಲ ಹಸಿರಾಗುವ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಆ ಹೊತ್ತಿಗೆ ಮೊದಲ ಬೆಳೆ ಬೀಜವಾಗಿ ಮಣ್ಣು ಸೇರಿರುತ್ತದೆ. ಬ್ಯಾನರ್ ಹಿಡಿದು ಹೂ ಬಿಟ್ಟ ಗಿಡ ಕಿತ್ತು ಫೋಟೊ ತೆಗೆಸಿಕೊಳ್ಳುವುದು ಬೀಜ ಬಿತ್ತಿದ ಹಾಗೆ.

ಅದಕ್ಕೆ ಎರಡೂ ಸಂಸ್ಥೆಗಳ ಆರೋಗ್ಯ ನಿರೀಕ್ಷಕರನ್ನು ಮಾರ್ಚ್‌ನಲ್ಲಿ, ನೆಲ ಬೋಳಾಗಿದ್ದಾಗಲೇ, ಕೂರಿಸಿ ಒಂದು ಪುಟ ಬರೆಸಿದೆವು. ರಸ್ತೆಯ ಎರಡೂ ತುದಿಯ ಗುರುತು. ಮೊದಲ ಸುತ್ತು ಕೃತ್ತಿಕೆ ಮಳೆಯ ನಂತರದ ವಾರ, ಎರಡನೆಯದು ಜುಲೈ ಮೊದಲ ವಾರ, ಮೂರನೆಯದು ಚಿತ್ತೆಗೆ ಮುಂಚೆ. ಆಳು ಯಾರದ್ದು, ಗಾಡಿ ಯಾರದ್ದು, ಗವಸು ಎಷ್ಟು ಜೊತೆ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ, ಹೂ ಬಿಟ್ಟದ್ದು ಚೀಲಕ್ಕೆ ತುಂಬಿ ಬೇರೆ ಗಾಡಿಗೆ. ಬೆಂಕಿ ಹಾಕುವಂತಿಲ್ಲ. ಒಬ್ಬರು ವರ್ಗವಾದರೆ ಮುಂದೆ ಬರುವವರಿಗೆ ಈ ಕಾಗದವನ್ನು ತೋರಿಸುವ ಹೊಣೆ ಸಂಘದ್ದು. ಇದಕ್ಕೆ ಕಾನೂನಿನ ಬಲವಿಲ್ಲ, ಮುದ್ರೆಯೂ ಇಲ್ಲ. ಇಬ್ಬರ ಸಹಿ ಮತ್ತು ತಾರೀಖು ಇದೆ. ಇಬ್ಬರಲ್ಲಿ ಒಬ್ಬರು ಆಗಲೇ ವರ್ಗವಾಗಿದ್ದಾರೆ. ಹೊಸಬರು ಕಾಗದವನ್ನು ಎರಡು ಬಾರಿ ಓದಿ, ಗವಸಿನ ಲೆಕ್ಕದಲ್ಲಿ ನಾಲ್ಕು ಜೊತೆ ಕಡಿಮೆ ಬರೆದಿದ್ದೀರಿ ಎಂದು ತಿದ್ದಿ ಸಹಿ ಹಾಕಿದರು.